ತನ್ನ ಸಮಾಧಿಗೆ ತಾನೇ ಎಣ್ಣೆ ಎರೆದವನು

ಕಳುಹಿಸುವ ಕೈಯೂ ತನ್ನದೇ, ಹಿಂದಕ್ಕೆ ಕರೆದುಕೊಳ್ಳುವ ಕೈಯೂ ತನ್ನದೇ ಆಗಿದ್ದು, ಎರಡರ ನಡುವೆ ನಮ್ಮನ್ನು ಕೊಂಚ ಹೊತ್ತು ಆಡಲು ಬಿಟ್ಟಿರುವ ನಾರಾಯಣನಿಗೆ ಮೊದಲ ನಮಸ್ಕಾರ. ಈ ಕತೆ ಹೇಳಿದ ಗುರುಗಳ ಪಾದಕ್ಕೆ ಎರಡನೆಯದು. ಕೇಳಲು ಕೂತಿರುವ ನಿಮ್ಮೊಳಗೆ ಕೂತು ಕೇಳುತ್ತಿರುವವನಿಗೆ ಇನ್ನೊಂದು.

“ಗುರುಗಳೇ, ಇನ್ನೂ ಸಾಯದವನು ತಾನು ಸತ್ತೆನೆಂದು ಹೇಗೆ ಹೇಳಬೇಕು?”

ಹೀಗೆ ಕೇಳಿದವನು ತ್ರಿವಿಕ್ರಮನೆಂಬ ಬ್ರಹ್ಮಚಾರಿ. ಮಠದಲ್ಲೇ ಬೆಳೆದು ವೇದಾಂತ ಓದಿದವನು. ಮರುದಿನ ಅವನಿಗೆ ಸಂನ್ಯಾಸ. ಸಂನ್ಯಾಸ ಪಡೆಯುವವನು ಅದಕ್ಕೆ ಮೊದಲು ಎಂಟು ಶ್ರಾದ್ಧಗಳನ್ನು ಮಾಡಬೇಕು. ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಎಂದು ಸಾಗಿ, ಕೊನೆಯದು ತನಗೆ ತಾನೇ ಮಾಡಿಕೊಳ್ಳುವ ಶ್ರಾದ್ಧ. ತನ್ನ ಹೆಸರು, ತನ್ನ ಗೋತ್ರ ಹೇಳಿ ತನಗೇ ಪಿಂಡ ಇಡಬೇಕು. ಆ ಬೆಳಿಗ್ಗೆ ಪುರೋಹಿತರು ಮಂತ್ರಗಳನ್ನು ಒಮ್ಮೆ ಹೇಳಿಸಿ ನೋಡಿದರು. ತ್ರಿವಿಕ್ರಮ ಎಲ್ಲಿಯೂ ತಡವರಿಸಲಿಲ್ಲ. ಕೊನೆಯದಕ್ಕೆ ಬಂದಾಗ ಮಾತ್ರ ಅವನ ಹೆಸರು ಅವನ ಬಾಯಿಂದ ಹೊರಡಲಿಲ್ಲ. ಪುರೋಹಿತರು ಮತ್ತೆ ಹೇಳಿಕೊಟ್ಟರು. ಮತ್ತೆಯೂ ಹೊರಡಲಿಲ್ಲ.

ಈಗ ಮಧ್ಯಾಹ್ನದ ಪೂಜೆ ಮುಗಿದಿತ್ತು. ಗುರುಗಳು ನದಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಅಡಿಗೆಮನೆಯ ಗೋದಕ್ಕ ಒಂದು ಮೆಟ್ಟಿಲು ಕೆಳಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

“ಭಯವೇ?” ಎಂದರು ಗುರುಗಳು.

“ಹೌದು. ಸಾವು ತಾನಾಗಿ ಬಂದರೆ ಬರಲಿ, ಅದಕ್ಕೆ ಓದಿದ ಧೈರ್ಯ ಇದೆ. ನಾನೇ ಕರೆದು ಮಣೆ ಹಾಕಿ ಕೂರಿಸಬೇಕು ಎಂದರೆ ನಾಲಗೆ ಏಳುವುದಿಲ್ಲ. ಆ ಪಿಂಡ ಇಟ್ಟ ಮೇಲೆ ಉಳಿಯುವವನು ಯಾರು?”

“ನಾಲಗೆ ಎದ್ದರೆ ನಾಳೆ ಸಂನ್ಯಾಸ. ಏಳದಿದ್ದರೆ ಇಲ್ಲ. ಎಳೆದು ತಂದು ಕೊಡುವ ಕಾವಿ ಯಾರಿಗೂ ಬೇಡ” ಎಂದರು ಗುರುಗಳು. “ಕೂತುಕೋ. ನನ್ನ ಗುರುಗಳು ನನಗೆ ಹೇಳಿದ ಕತೆ ಒಂದಿದೆ. ಯವನರ ದೇಶದ್ದು, ಕಡಲು ದಾಟಿ ಬಂದದ್ದು. ಕತೆಗೆ ಮಡಿ ಮೈಲಿಗೆ ಇಲ್ಲ.”

ತ್ರಿವಿಕ್ರಮ ಕೂತ. ಗುರುಗಳು ಹೇಳಿದರು.

ಯವನರು ಮನುಷ್ಯನನ್ನು ಕರೆಯುವುದೇ ‘ಸಾಯುವವನು’ ಎಂದು. ದೇವರನ್ನು ಕರೆಯುವುದು ‘ಸಾಯದವನು’ ಎಂದು. ನಮ್ಮ ಮರ್ತ್ಯ, ಅಮರ ಎಂಬ ಮಾತುಗಳಿಗೂ ಅದೇ ಅರ್ಥ. ನಾವು ಅದನ್ನು ಶ್ಲೋಕದಲ್ಲಿ ಹೇಳಿ ಮುಗಿಸುತ್ತೇವೆ. ಅವರು ಸಂತೆಯಲ್ಲೂ ಹೇಳುತ್ತಿದ್ದರಂತೆ. ಜಗಳ ಬಂದರೆ ‘ಸಾಯುವವನಿಗೆ ಇಷ್ಟು ಸೊಕ್ಕೇ?’ ಎಂದು ಬೈಯುತ್ತಿದ್ದರಂತೆ.

ಅವರ ಒಂದು ಬಂದರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಜಾಡಿಗಳಲ್ಲಿ ಎಣ್ಣೆ ತುಂಬಿ, ಹಡಗಿನಲ್ಲಿಟ್ಟು, ಊರೂರಿಗೆ ಮಾರುತ್ತಿದ್ದ. ಅವನಿಗೆ ಒಬ್ಬ ಅಣ್ಣ. ಅಣ್ಣ ಬೆಟ್ಟದ ಮೇಲೆ ಆಡು ಕಾಯುತ್ತಿದ್ದ. ಇಬ್ಬರಿಗೂ ಮನೆ ಒಂದೇ. ಆ ದೇಶದಲ್ಲಿ ಮನೆ ಎಂದರೆ ನಡುಮನೆಯ ಒಲೆ. ಒಲೆಯ ಬೆಂಕಿ ಅವರಿಗೆ ದೇವರು. ಯಾರಿಗೆ ಅದರ ಸುತ್ತ ಜಾಗವಿದೆಯೋ ಅವರು ಆ ಮನೆಯವರು.

ಒಂದು ಬೇಸಿಗೆಯಲ್ಲಿ ತಂದೆ ತೀರಿಕೊಂಡ. ಬೆಟ್ಟಕ್ಕೆ ಹೇಳಿಕಳುಹಿಸಿದರು. ಅಣ್ಣ ಬರುವುದು ತಡವಾಯಿತು. ಬಿಸಿಲು ಏರುತ್ತಿತ್ತು. ತಮ್ಮ ಕಾಯದೆ ಮಣ್ಣು ಮಾಡಿಸಿದ. ಎಲ್ಲ ಮುಗಿದ ಮೇಲೆ ಅಣ್ಣ ಏದುಸಿರು ಬಿಡುತ್ತಾ ಬಂದ. ತಮ್ಮ ಬಾಗಿಲಿಗೆ ಅಡ್ಡ ನಿಂತ.

“ಅಪ್ಪನ ಹೆಣಕ್ಕೆ ಬಾರದವನಿಗೆ ಅಪ್ಪನ ಒಲೆ ಏಕೆ? ನಾನಿರುವ ತನಕ ಈ ಹೊಸ್ತಿಲು ದಾಟಬೇಡ” ಎಂದ.

ಅಷ್ಟಕ್ಕೇ ಬಿಡಲಿಲ್ಲ. ಒಲೆಯ ಮೇಲೆ ಆಣೆ ಇಟ್ಟು ಹೇಳಿದ. ಅಲ್ಲಿ ಒಲೆಯ ಮೇಲೆ ಇಟ್ಟ ಆಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಇಟ್ಟವನು ಸತ್ತಾಗಲೇ ಅದೂ ಸಾಯುವುದು.

ಅಣ್ಣ ಏಕೆ ತಡವಾಯಿತೆಂದು ಹೇಳಲಿಲ್ಲ. ತಿರುಗಿ ಬೆಟ್ಟ ಹತ್ತಿದ. ಮತ್ತೆ ತಾನಾಗಿ ಆ ಬೀದಿಗೆ ಬರಲಿಲ್ಲ.

ವರ್ಷಗಳು ಹೋದವು. ವ್ಯಾಪಾರಿಯ ಹೆಸರು ಕಡಲಿನ ಆಚೆಗೂ ಹಬ್ಬಿತು. ಆಮೇಲೆ ಒಂದು ಚಳಿಗಾಲದ ಮೊದಲಲ್ಲಿ ಅವನ ಹಡಗು ಬಿರುಗಾಳಿಗೆ ಸಿಕ್ಕಿತು. ಹಡಗಿನ ಹಲಗೆಗಳು ದಡಕ್ಕೆ ಬಂದವು. ಅವನು ಬರಲಿಲ್ಲ.

ನಮಗೆ ವೈತರಣಿ ಇರುವಂತೆ ಯವನರಿಗೂ ಒಂದು ನದಿ ಉಂಟು. ಸತ್ತವನು ಅದನ್ನು ದಾಟಬೇಕು. ಕ್ರಿಯೆಯಾಗದವನನ್ನು ಅಲ್ಲಿನ ಅಂಬಿಗ ದೋಣಿಗೆ ಹತ್ತಿಸುವುದಿಲ್ಲ. ಅವನು ದಡದಲ್ಲೇ ಅಲೆಯಬೇಕು. ಆದ್ದರಿಂದ ಹೆಣ ಸಿಗದಿದ್ದರೂ ಅವರು ಕ್ರಿಯೆ ಬಿಡುವುದಿಲ್ಲ. ಕಡಲಿಗೆ ಮುಖ ಮಾಡಿ ಮೂರು ಸಲ ಹೆಸರು ಹಿಡಿದು ಕೂಗುತ್ತಾರೆ. ಊರ ಹೊರಗೆ ಒಂದು ಕಲ್ಲು ನಿಲ್ಲಿಸುತ್ತಾರೆ. ಕಲ್ಲಿಗೆ ಎಣ್ಣೆ ಎರೆಯುತ್ತಾರೆ. ಅಲ್ಲಿಗೆ ಅವನು ಸತ್ತ ಹಾಗೆ.

ವ್ಯಾಪಾರಿಗೆ ಮಕ್ಕಳಿರಲಿಲ್ಲ. ಕ್ರಿಯೆಗೆ ಅಣ್ಣನನ್ನೇ ಕರೆಸಬೇಕಾಯಿತು. ಅಣ್ಣ ಬಂದ. ದಡದಲ್ಲಿ ನಿಂತು ತಮ್ಮನನ್ನು ಕೂಗಿದ. ಕಲ್ಲು ನಿಲ್ಲಿಸಿದ. ಊರಿನವರು ಎಣ್ಣೆ ಎರೆದರು. ಅವನು ಬೆಟ್ಟಕ್ಕೆ ಹೋದ.

ಚಳಿ ಕಳೆದು ಹಡಗುಗಳು ಮತ್ತೆ ಓಡಾಡತೊಡಗಿದವು. ಒಂದು ಬೆಳಿಗ್ಗೆ, ದೂರದ ದ್ವೀಪದಿಂದ ಬಂದ ಹಡಗಿನಿಂದ ವ್ಯಾಪಾರಿ ಇಳಿದ. ಅವನು ಬರಿದಾದ ಜಾಡಿಯೊಂದನ್ನು ತಬ್ಬಿಕೊಂಡು ತೇಲಿಹೋಗಿದ್ದ. ದ್ವೀಪದ ಬೆಸ್ತರು ಎಳೆದು ದಡಕ್ಕೆ ಹಾಕಿ, ಚಳಿಗಾಲವೆಲ್ಲ ಮೀನು ತಿನ್ನಿಸಿ ಉಳಿಸಿದ್ದರು.

ಬಂದರಿನಲ್ಲಿ ಅವನಿಗೆ ಮೊದಲು ಕಂಡವನು ಹಳೆಯ ಗೆಳೆಯ, ಹಗ್ಗ ಹೊಸೆಯುವವನು. ವ್ಯಾಪಾರಿ ತೋಳು ಚಾಚಿ ಓಡಿದ. ಗೆಳೆಯ ಹಿಂದಕ್ಕೆ ಸರಿದ.

“ಏನೋ, ಗುರುತು ಸಿಗಲಿಲ್ಲವೇ?”

“ಸಿಕ್ಕಿತು. ಅದಕ್ಕೇ ಸರಿದೆ. ನಿನ್ನ ತಿಥಿಯ ಊಟ ಮಾಡಿದ್ದೇನೆ. ಚೆನ್ನಾಗಿತ್ತು.”

“ನಾನು ಸತ್ತಿಲ್ಲ ಕಣೋ. ಬೇಕಾದರೆ ಮುಟ್ಟಿ ನೋಡು.”

“ಮುಟ್ಟಿದರೆ ನಾನೂ ಗುಡಿಗೆ ಹೋಗುವ ಹಾಗಿಲ್ಲ. ದೂರದಿಂದಲೇ ಕಾಣುತ್ತದೆ ಬಿಡು, ಮೈ ಕೈ ತುಂಬಿಕೊಂಡಿದ್ದೀಯ.”

ವ್ಯಾಪಾರಿ ನಗುತ್ತಲೇ ಗುಡಿಯ ಕಡೆ ಹೋದ. ಪೂಜಾರಿ ಮೆಟ್ಟಿಲ ಕೆಳಗೇ ತಡೆದ.

“ನೀನು ಸತ್ತಿಲ್ಲ, ಒಪ್ಪಿದೆ. ಆದರೆ ನಿನ್ನ ಕ್ರಿಯೆ ಆಗಿದೆಯಪ್ಪಾ. ನಿನ್ನನ್ನು ಕೆಳಲೋಕದ ದೇವರಿಗೆ ಒಪ್ಪಿಸಿ ಆಯಿತು. ಅವನಿಗೆ ಕೊಟ್ಟದ್ದನ್ನು ಇವನ ಮುಂದೆ ತಂದು ನಿಲ್ಲಿಸುವುದು ಹೇಗೆ?”

ವ್ಯಾಪಾರಿಯ ನಗು ನಿಂತಿತು. ಮನೆಗೆ ಓಡಿದ. ಹೆಂಡತಿ ಬಾಗಿಲಿಗೆ ಬಂದಳು. ಅವಳು ಕೂದಲು ಕತ್ತರಿಸಿಕೊಂಡಿದ್ದಳು. ಅಲ್ಲಿ ದುಃಖದಲ್ಲಿರುವ ಹೆಂಗಸರು ಹಾಗೆ ಮಾಡುತ್ತಾರೆ. ಗಂಡನನ್ನು ಕಂಡು ಅವಳು ಎರಡು ಕೈಯಲ್ಲಿ ಬಾಗಿಲ ಕಂಬ ಹಿಡಿದು ನಿಂತಳು. ಅವನು ಅಣ್ಣನನ್ನು ತಡೆದದ್ದು ಅದೇ ಜಾಗದಲ್ಲಿ.

“ಒಳಗೆ ಬರಬೇಡಿ. ನೀವು ಹೊಸ್ತಿಲು ದಾಟಿದರೆ ಒಲೆ ಮೈಲಿಗೆಯಾಗುತ್ತದೆ. ಮಾವನವರ ಕಾಲದಿಂದ ಆರದ ಬೆಂಕಿ ಆರಿಸಬೇಕಾಗುತ್ತದೆ” ಎಂದು ಅತ್ತಳು.

ಗೋದಕ್ಕನಿಗೆ ತಡೆಯಲಾಗಲಿಲ್ಲ. “ಅದೇನು ಜನ ಗುರುಗಳೇ! ಸತ್ತ ಗಂಡ ನಡೆದುಕೊಂಡು ಬಂದರೆ ಬಾಗಿಲು ಹಿಡಿದು ನಿಲ್ಲುವುದೇ?”

“ನಮ್ಮ ಶಾಸ್ತ್ರದಲ್ಲೂ ಹೀಗೇ ಇದೆ ಗೋದಕ್ಕ. ಸತ್ತನೆಂದು ಕರ್ಮ ಮಾಡಿದ ಮೇಲೆ ಬಂದವನನ್ನು ತುಪ್ಪದಲ್ಲಿ ಮೀಯಿಸಿ, ಜಾತಕರ್ಮದಿಂದ ಮತ್ತೆ ಶುರು ಮಾಡಬೇಕು. ಹೆಂಡತಿಗೆ ಮತ್ತೆ ತಾಳಿ ಕಟ್ಟಬೇಕು.”

“ಅದೇ ಗಂಡನಿಗೆ ಎರಡು ಸಲ ಕತ್ತು ಕೊಡಬೇಕೇ?” ಎಂದು ಗೋದಕ್ಕ ಅವರೆಕಾಯಿಯ ಕಡೆ ತಿರುಗಿದಳು.

ಗುರುಗಳು ನಕ್ಕು ಮುಂದುವರಿಸಿದರು.

ಊರಿನಲ್ಲಿ ಅವನಿಗೆ ನಿಲ್ಲಲು ಜಾಗವಿರಲಿಲ್ಲ. ಊರ ಹೊರಗೆ ಅವನದೇ ಎನ್ನುವ ಜಾಗ ಒಂದಿತ್ತು. ಅಲ್ಲಿಗೆ ಹೋಗಿ ತನ್ನ ಕಲ್ಲಿಗೆ ಒರಗಿ ಕೂತ. ಯವನರು ಸಮಾಧಿಯ ಕಲ್ಲಿನ ಮೇಲೆ, ಸತ್ತವನೇ ದಾರಿಹೋಕನೊಡನೆ ಮಾತಾಡುವ ಹಾಗೆ ಬರೆಸುತ್ತಾರೆ. ಅವನ ಕಲ್ಲಿನ ಮೇಲೆ ಹೀಗೆ ಬರೆದಿತ್ತು: ‘ದಾರಿಹೋಕನೇ, ಇಲ್ಲಿ ನಾನಿಲ್ಲ. ಕಡಲಿನ ಕಡೆ ತಿರುಗಿ ಒಂದು ಒಳ್ಳೆಯ ಮಾತು ಹೇಳಿ ಹೋಗು.’ ದಾರಿಹೋಕರು ಅದನ್ನು ಓದುತ್ತಿದ್ದರು. ಅಡಿಯಲ್ಲಿ ಕೂತವನನ್ನು ನೋಡುತ್ತಿದ್ದರು. ಒಳ್ಳೆಯ ಮಾತು ಹೇಳದೆ ಓಡುತ್ತಿದ್ದರು.

ಹಗ್ಗದ ಗೆಳೆಯ ದೂರದಲ್ಲಿ ನಿಂತು ಬುದ್ಧಿ ಹೇಳಿದ. “ಬೇರೆ ಊರಿಗೆ ಹೋಗಿಬಿಡೋ. ನೀನು ಸತ್ತಿರುವುದು ಈ ಊರಿನಲ್ಲಿ ಮಾತ್ರ. ಅಲ್ಲಿ ಯಾರಿಗೆ ಗೊತ್ತು?”

“ಅಲ್ಲಿ ಯಾರಾದರೂ ‘ನಿನ್ನ ಒಲೆ ಯಾವುದು?’ ಎಂದರೆ ಏನು ಹೇಳಲಿ?” ಎಂದ ವ್ಯಾಪಾರಿ.

ಗೆಳೆಯ ಒಂದು ಕಂಬಳಿ ಎಸೆದು ಹೋದ.

ಸತ್ತವರಿಗೆ ಎಡೆ ಇಡುವ ದಿನ ಹೆಂಡತಿ ಬಂದಳು. ಆ ದಿನ ಎಡೆ ಇಡುವವಳು ಕ್ರಿಯೆಯಾದವನೊಡನೆ ನೇರವಾಗಿ ಮಾತಾಡುವ ಹಾಗಿಲ್ಲ. ಕಲ್ಲಿನೊಡನೆ ಮಾತಾಡಬಹುದು. ಅವನು ಕಲ್ಲಿನ ಹಿಂದಕ್ಕೆ ಹೋಗಿ ಕೂತ. ಅವಳು ಮುಂದೆ ಕೂತು ರೊಟ್ಟಿ, ಜೇನು, ಅಂಜೂರ, ಒಂದು ಕುಡಿಕೆ ಎಣ್ಣೆ ಇಟ್ಟಳು. ಕಲ್ಲಿನ ಹಿಂದಿನಿಂದ ಒಂದು ಕೈ ಬಂದು ರೊಟ್ಟಿ ತೆಗೆದುಕೊಂಡಿತು.

“ಕಲ್ಲೇ, ನೋಡಿದೆಯಾ? ಹೇಗಿದ್ದೀಯ ಎಂದು ಒಂದು ಮಾತು ಕೇಳದೆ ರೊಟ್ಟಿಗೆ ಕೈ ಹಾಕಿದರು. ಇವರು ನಮ್ಮವರೇ, ಸಂಶಯವಿಲ್ಲ” ಎಂದಳು.

“ಕಲ್ಲೇ, ಅವಳಿಗೆ ಹೇಳು. ಉಪ್ಪು ಕಡಿಮೆ.”

“ಕಲ್ಲೇ, ನೀನೇ ಹೇಳು. ಅಳುತ್ತಾ ನಾದಿದ ಹಿಟ್ಟಿನಲ್ಲಿ ಉಪ್ಪು ಹೇಗೆ ಕಡಿಮೆಯಾದೀತು?”

ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಅವನ ದನಿ ಬಿರುಸಾಯಿತು.

“ಕಲ್ಲೇ, ಅವಳನ್ನು ಕೇಳು. ನನ್ನನ್ನು ಇಷ್ಟು ಬೇಗ ಸಾಯಿಸಿದವನು ಅಣ್ಣ ತಾನೇ? ನಾನು ಹೋದರೆ ಆಣೆಯೂ ಹೋಯಿತು, ಮನೆ ತನಗಾಯಿತು ಎಂದು ತಾನೇ? ಈಗ ನನ್ನ ಒಲೆಯ ಪಕ್ಕ ಕಾಲು ಚಾಚಿ ಕೂತಿರಬೇಕು.”

ಹೆಂಡತಿ ಎಡೆಯ ಮೇಲೆ ಕೂತ ನೊಣ ಓಡಿಸಿದಳು.

“ಕಲ್ಲೇ, ಹೇಳು ಅವರಿಗೆ. ಕ್ರಿಯೆಯ ದಿನ ಮಳೆ ಹುಯ್ಯುತ್ತಿತ್ತು. ಭಾವನವರು ಅಂಗಳದಲ್ಲೇ ನಿಂತಿದ್ದರು. ‘ನಿಮ್ಮ ತಮ್ಮ ಹೋದರು, ಅವರ ಆಣೆಯೂ ಹೋಯಿತು, ಒಳಗೆ ಬನ್ನಿ’ ಎಂದು ನಾನೇ ಕರೆದೆ. ಬರಲಿಲ್ಲ. ‘ಊರಿನ ಸಮಾಧಾನಕ್ಕೆ ಕೂಗಿದೆನಮ್ಮಾ. ಅವನ ಹೆಣ ನಾನು ನೋಡಿಲ್ಲ. ಈ ಹೊಸ್ತಿಲು ದಾಟಿದರೆ ಅವನು ಸತ್ತನೆಂದು ನಾನೂ ಒಪ್ಪಿದ ಹಾಗಾಗುತ್ತದೆ. ನಾನು ಒಪ್ಪುವುದಿಲ್ಲ’ ಎಂದರು. ನೆನೆದುಕೊಂಡೇ ಬೆಟ್ಟಕ್ಕೆ ಹೋದರು. ಊರೆಲ್ಲ ಇವರನ್ನು ಸಾಯಿಸಿತು. ನಾನೂ ಕೂದಲು ಕತ್ತರಿಸಿಕೊಂಡೆ. ಸಾಯಿಸದೆ ಇಟ್ಟುಕೊಂಡವರು ಅವರೊಬ್ಬರೇ.”

ಕಲ್ಲಿನ ಹಿಂದೆ ರೊಟ್ಟಿ ಅರ್ಧದಲ್ಲೇ ಉಳಿಯಿತು.

ಇಷ್ಟರಲ್ಲಿ ಪೂಜಾರಿ ಸುಮ್ಮನೆ ಕೂತಿರಲಿಲ್ಲ. ಆ ದೇಶದಲ್ಲಿ ಒಂದು ದೊಡ್ಡ ದೇವಸ್ಥಾನವಿದೆ. ಅಲ್ಲಿ ಒಬ್ಬ ಹೆಂಗಸಿನ ಮೈಮೇಲೆ ದೇವರು ಬಂದು ಕೇಳಿದ್ದಕ್ಕೆ ಉತ್ತರ ಹೇಳುತ್ತಾನೆ. ಪೂಜಾರಿ ಅಲ್ಲಿಗೆ ಜನ ಕಳುಹಿಸಿ ಕೇಳಿಸಿದ್ದ. ಉತ್ತರ ಬಂತು. ‘ಸತ್ತವನು ಊರಿಗೆ ಬರುವ ದಾರಿ ಒಂದೇ. ಎಲ್ಲರೂ ಬರುವುದು ಅದೇ ದಾರಿಯಲ್ಲಿ. ಅವನು ಹುಟ್ಟಿ ಬರಲಿ.’

ಪೂಜಾರಿ ಅದನ್ನು ಬಿಡಿಸಿ ಹೇಳಿದ. ಸೂಲಗಿತ್ತಿ ಅವನನ್ನು ಮೀಯಿಸಬೇಕು. ಕೂಸಿಗೆ ಸುತ್ತುವಂತೆ ಬಟ್ಟೆ ಸುತ್ತಬೇಕು. ಹೊಸ್ತಿಲ ಹೊರಗೆ ನೆಲದ ಮೇಲೆ ಮಲಗಿಸಬೇಕು. ಮನೆಯ ಹಿರಿಯ ಗಂಡಸು ಬಂದು ನೋಡಬೇಕು. ಎತ್ತಿಕೊಂಡು ಒಳಗೆ ಹೋಗಿ ಒಲೆಯ ಸುತ್ತ ಬಂದರೆ ಕೂಸು ಆ ಮನೆಯದು. ಎತ್ತದೆ ಹೋದರೆ ಅಲ್ಲ. ಅಲ್ಲಿ ಹೆತ್ತ ಕೂಸುಗಳಿಗೂ ಅದೇ ಕಟ್ಟಳೆ. ಎತ್ತಿಕೊಳ್ಳುವ ತನಕ ಯಾವ ಕೂಸೂ ಯಾರದೂ ಅಲ್ಲ.

ಆ ಮನೆಯ ಹಿರಿಯ ಗಂಡಸು ಎಂದರೆ ಅಣ್ಣ.

ಅಣ್ಣನಿಗೆ ಹೇಳಿಕಳುಹಿಸಿದರು. ಈ ಸಲ ಅವನು ತಡಮಾಡಲಿಲ್ಲ. ಸಮಾಧಿಯ ಬಳಿ ಬಂದು ತಮ್ಮನನ್ನು ನೋಡುತ್ತಾ ನಿಂತ. ಯಾರೂ ಮುಟ್ಟದವನ ಹೆಗಲ ಮೇಲೆ ಕೈ ಇಟ್ಟ. ಪೂಜಾರಿಯ ಕಡೆ ತಿರುಗಿ “ಇವನು ಸತ್ತಿಲ್ಲ ಎಂದು ನಾನು ಹೇಳಿರಲಿಲ್ಲವೇ?” ಎಂದ.

ತಮ್ಮ ತಲೆ ಎತ್ತಲಿಲ್ಲ. “ಅಣ್ಣಾ, ನನ್ನನ್ನು ಎತ್ತಿಕೊಳ್ಳುತ್ತೀಯಾ?”

“ಎತ್ತಬಹುದು. ಒಳಗೆ ಹೋಗುವುದು ಹೇಗೆ? ನೀನಿರುವ ತನಕ ನಾನು ಹೊಸ್ತಿಲು ದಾಟುವ ಹಾಗಿಲ್ಲವಲ್ಲ.”

“ಆ ಆಣೆ ನನ್ನದು. ಬಿಟ್ಟೆ.”

“ಬಿಡಲು ಬರುವುದಿಲ್ಲವೋ. ಒಲೆಯ ಮೇಲೆ ಇಟ್ಟದ್ದು. ಇಟ್ಟವನು ಸತ್ತರೆ ಹೋಗುತ್ತದೆ. ನೀನು ನೋಡಿದರೆ ಗುಂಡುಕಲ್ಲಿನ ಹಾಗೆ ಕೂತಿದ್ದೀಯ.”

ವ್ಯಾಪಾರಿ ಪೂಜಾರಿಯ ಕಡೆ ತಿರುಗಿದ. “ನಾನು ಸತ್ತೆ ಎಂದವರು ನೀವು. ಹಾಗಾದರೆ ಆಣೆ ಹೋಯಿತು, ಅಲ್ಲವೇ?”

“ಸತ್ತೆ ಎಂದದ್ದು ಊರು” ಎಂದ ಪೂಜಾರಿ. “ನೀನು ಹಡಗಿನಿಂದ ಇಳಿದ ಗಳಿಗೆಯಿಂದ, ‘ನಾನು ಸತ್ತಿಲ್ಲ, ಅವನೇ ನಾನು, ನನ್ನ ಮನೆ, ನನ್ನ ಒಲೆ’ ಎಂದು ಕೂಗುತ್ತಿದ್ದೀಯ. ಆಣೆ ಯಾರ ಮಾತು ಕೇಳಬೇಕು? ಇಟ್ಟವನ ಮಾತನ್ನೇ ಅಲ್ಲವೇ?”

ಊರಿನ ಮಾತಿನಲ್ಲಿ ಅವನು ಸತ್ತವನು. ಆದ್ದರಿಂದ ಅವನು ಒಳಗೆ ಹೋಗುವ ಹಾಗಿಲ್ಲ. ತನ್ನ ಮಾತಿನಲ್ಲಿ ಅವನು ಇರುವವನು. ಆದ್ದರಿಂದ ಅಣ್ಣ ಒಳಗೆ ಹೋಗುವ ಹಾಗಿಲ್ಲ. ಇಬ್ಬರನ್ನೂ ಹೊರಗೆ ನಿಲ್ಲಿಸಿದವನು ಒಬ್ಬನೇ.

ವ್ಯಾಪಾರಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕೂಸಿಗೆ ಹಡಗಿಲ್ಲ. ಕೂಸು ಯಜಮಾನನಲ್ಲ. ಕಡಲಾಚೆಯವರೂ ಎದ್ದು ನಿಂತು ಹೇಳುತ್ತಿದ್ದ ಆ ಹೆಸರು ಕೂಸಿನದಲ್ಲ. ಎತ್ತಿಕೊಂಡವನು ಇಟ್ಟದ್ದೇ ಅದರ ಹೆಸರು. ಇಷ್ಟನ್ನೂ ಬಿಟ್ಟು ಮಲಗಿದ ಮೇಲೆ ಅಣ್ಣ ಎತ್ತದೆ ಹೋದರೆ? ಎತ್ತಲೇಬೇಕೆಂದು ಯಾರೂ ಹೇಳುವಂತಿಲ್ಲ. ಹೋಗು ಎಂದು ಅವನಿಗೆ ಹೇಳಿದವನು ತಾನೇ.

ಕೊನೆಗೆ ಎದ್ದ. ಹೆಂಡತಿ ತಂದಿದ್ದ ಎಣ್ಣೆಯ ಕುಡಿಕೆ ಎತ್ತಿಕೊಂಡ.

“ನಾನು ಎರೆಯಲೇ?” ಎಂದ ಅಣ್ಣ.

“ಬೇಡ. ಒಪ್ಪಬೇಕಾದವನು ನೀನಲ್ಲ. ನಾನು.”

ಕಡಲಿಗೆ ಮುಖ ಮಾಡಿ ತನ್ನ ಹೆಸರು ಹಿಡಿದು ಕೂಗಿದ. ಮೊದಲ ಸಲ ಬಂದರಿನಲ್ಲಿ ಆಳುಗಳನ್ನು ಕೂಗುವ ಗಂಟಲಿತ್ತು. ಮತ್ತೆ ಕೂಗಿದಾಗ ಗಂಟಲು ಒಡೆಯಿತು. ಮೂರನೆಯ ಸಲ ಮೆಲ್ಲಗೆ ಕರೆದ, ದೂರದ ಊರಿಗೆ ಹೊರಟ ಮಗನನ್ನು ಕರೆಯುವಂತೆ. ಯಾರೂ ಓ ಎನ್ನಲಿಲ್ಲ. ಆಗ ಕಲ್ಲಿನ ನೆತ್ತಿಯ ಮೇಲೆ ಎಣ್ಣೆ ಎರೆದ. ಜೀವಮಾನವೆಲ್ಲ ಎಣ್ಣೆ ಅಳೆದು ಮಾರಿದ ಕೈ ಅದು. ಅಳೆಯದೆ ಎಲ್ಲವನ್ನೂ ಸುರಿಯಿತು.

“ಹೋಗಪ್ಪಾ. ನಿನ್ನ ಆಣೆಯನ್ನೂ ತೆಗೆದುಕೊಂಡು ಹೋಗು” ಎಂದ.

ಗುರುಗಳು ಇಲ್ಲಿ ಸ್ವಲ್ಪ ನಿಲ್ಲಿಸಿದರು. ಗೋದಕ್ಕನ ಕೈಯೂ ಮೊರದ ಮೇಲೆ ನಿಂತಿತ್ತು. ತ್ರಿವಿಕ್ರಮ ನೀರನ್ನು ನೋಡುತ್ತಿದ್ದ.

“ಆಮೇಲೆ?” ಎಂದ.

ಆಮೇಲೆ ಸೂಲಗಿತ್ತಿ ಬಂದಳು. ಅರ್ಧ ಊರನ್ನು ಹೊರಗೆ ತಂದವಳು. ಬಿಸಿನೀರು ಹುಯ್ಯುತ್ತಾ, “ಹೋದ ಸಲವೂ ನಿನ್ನನ್ನು ಮೀಯಿಸಿದವಳು ನಾನೇ. ಆಗ ಈ ಗಡ್ಡ ಇರಲಿಲ್ಲ. ಅಳು ಮಾತ್ರ ಇಷ್ಟೇ ಇತ್ತು. ಕಣ್ಣು ಮುಚ್ಚಿಕೋ, ಉರಿಯುತ್ತದೆ” ಎಂದಳು. ಕೂಸಿನ ಬಟ್ಟೆ ಅವನ ಮೊಣಕಾಲಿಗೂ ಸಾಲಲಿಲ್ಲ. ಬಂದರಿನಿಂದ ಹಳೆಯ ಹಾಯಿ ತರಿಸಿದರು. ಕೈಕಾಲು ಅಲುಗದಂತೆ ಸುತ್ತಿ ಹೊಸ್ತಿಲ ಹೊರಗೆ ಮಲಗಿಸಿದರು. ಊರೆಲ್ಲ ನೆರೆದಿತ್ತು. ಹಗ್ಗದ ಗೆಳೆಯ “ಯಾರ ಹೋಲಿಕೆ ಇದೆ, ನೋಡಿ” ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅಣ್ಣ ಬಂದ. ತಮ್ಮನ ತಲೆಯ ಬಳಿ ನಿಂತ. ನಿಂತೇ ಇದ್ದ.

ನಗು ನಿಂತಿತು.

ಕೂಸು ಮಾತಾಡುವ ಹಾಗಿಲ್ಲ. ಬೇಡುವ ಹಾಗಿಲ್ಲ. ತಪ್ಪಾಯಿತು ಎನ್ನುವ ಹಾಗೂ ಇಲ್ಲ. ಅವನಿಗೆ ಕಾಣುತ್ತಿದ್ದದ್ದು ಮೇಲೆ ಆಕಾಶ, ಪಕ್ಕದಲ್ಲಿ ಅಣ್ಣನ ಒಡೆದ ಹಿಮ್ಮಡಿ. ಆ ಹಿಮ್ಮಡಿ ಒಮ್ಮೆ ಹಿಂದಕ್ಕೆ ಸರಿಯಿತು. ಬಾಗಿಲ ಒಳಗೆ ಹೆಂಡತಿ ಬಾಯಿಗೆ ಸೆರಗು ಹಿಡಿದಳು. ಅವನು ಕಣ್ಣು ಮುಚ್ಚಿದ.

“ಏನಯ್ಯಾ, ಇನ್ನೂ ಸಿಟ್ಟೇ?” ಎಂದು ಯಾರೋ ಕೇಳಿದರು.

“ಸಿಟ್ಟಲ್ಲವಯ್ಯಾ” ಎಂದ ಅಣ್ಣ. “ಆಡಿನ ಮರಿಯಾಗಿದ್ದರೆ ಎಲ್ಲಿ ಹಿಡಿಯಬೇಕು ಎಂದು ಗೊತ್ತಿತ್ತು. ಇದನ್ನು ಎಲ್ಲಿ ಹಿಡಿಯುವುದು ಎಂದು ನೋಡುತ್ತಿದ್ದೇನೆ.”

ಬಗ್ಗಿದ. ತಪ್ಪಿಸಿಕೊಂಡ ಮರಿಯನ್ನು ಬೆಟ್ಟದಿಂದ ಇಳಿಸಿ ತರುವಂತೆ, ತಮ್ಮನನ್ನು ಕತ್ತಿನ ಹಿಂದೆ ಎರಡು ಹೆಗಲಿಗೂ ಅಡ್ಡ ಹಾಕಿಕೊಂಡ. ಏಳುವಾಗ ಕಾಲು ನಡುಗಿತು. ಎದ್ದ. ಹೊಸ್ತಿಲ ಮುಂದೆ ಒಂದು ಕ್ಷಣ ತಡೆದ. ಆಮೇಲೆ ದಾಟಿದ. ಒಬ್ಬನ ಕಾಲಿನಲ್ಲಿ ಇಬ್ಬರೂ ಒಳಗೆ ಬಂದರು. ಅಣ್ಣ ಒಲೆಯ ಸುತ್ತ ಬಂದು, ತಮ್ಮನನ್ನು ಬೆಂಕಿಯ ಪಕ್ಕದಲ್ಲಿ ಇಳಿಸಿ, ತಾನೂ ಅಲ್ಲೇ ಕುಸಿದು ಕೂತ.

ಹೆಂಡತಿ ಆಡಿನ ಹಾಲಿಗೆ ಜೇನು ಬೆರೆಸಿ ಕುಡಿಸಿದಳು. ಅಣ್ಣ ಹೆಸರಿಟ್ಟ. ತಂದೆಯ ಹೆಸರನ್ನೇ ಇಟ್ಟ.

ಸುತ್ತಿದ ಹಾಯಿ ಬಿಚ್ಚುವಾಗ ಅಣ್ಣ ಒಂದು ಮಾತು ತೆಗೆದ. “ಅಪ್ಪ ಹೋದ ದಿನ ನಾನು ಏಕೆ ತಡವಾಗಿ ಬಂದೆ ಎಂದರೆ…”

“ನಾನು ಆಗ ಇನ್ನೂ ಹುಟ್ಟಿರಲಿಲ್ಲವಲ್ಲ, ಅಣ್ಣಾ” ಎಂದ ತಮ್ಮ.

ಇಬ್ಬರೂ ಬೆಂಕಿ ಕಾಯಿಸಿಕೊಳ್ಳುತ್ತಾ ಕೂತರು.

“ಅವಳ ಗತಿ ಏನಾಯಿತು ಗುರುಗಳೇ?” ಎಂದಳು ಗೋದಕ್ಕ. “ಕೂಸಿಗೆ ಹೆಂಡತಿಯೇ?”

“ಮತ್ತೆ ಮದುವೆ ಮಾಡಿದರು. ಕೂದಲು ಹೆರಳಿಗೆ ಬರುವ ತನಕ ಕಾಯಿಸಿದಳಂತೆ.”

“ಸರಿಯಾಗಿ ಮಾಡಿದಳು” ಎಂದಳು ಗೋದಕ್ಕ.

ತ್ರಿವಿಕ್ರಮ ನಗಲಿಲ್ಲ. ಅವನ ಸಂಶಯ ಇನ್ನೂ ಕೂತೇ ಇತ್ತು. ಕೈ ಜೋಡಿಸಿ ಕೇಳಿದ.

“ಗುರುಗಳೇ, ಎಷ್ಟಾದರೂ ಅವನು ಸಾಯುವವನೇ. ಒಂದು ದಿನ ನಿಜವಾದ ಸಾವು ಬಂದೇ ಬಂದಿರಬೇಕು. ಆಗ ಆ ವ್ಯಾಪಾರಿಗೆ ಭಯವಾಗಲಿಲ್ಲವೇ?”

ಗುರುಗಳು ಅವನ ಮುಖ ನೋಡಿದರು.

“ಯಾವ ವ್ಯಾಪಾರಿಗೆ?”

ತ್ರಿವಿಕ್ರಮ ಬಾಯಿ ತೆರೆದ. ಬೆಳಿಗ್ಗೆ ಹೊರಡದಿದ್ದ ತನ್ನ ಹೆಸರನ್ನು ಮೆಲ್ಲಗೆ ಹೇಳಿ ನೋಡಿದ.

ಕೇಳಿದವರಿಗೆ ಒಳಿತಾಗಲಿ. ಓದಿ ಹೇಳಿದವರಿಗೆ ಒಳಿತಾಗಲಿ. ಕೇಳುತ್ತಾ ಕೇಳುತ್ತಾ ತೂಕಡಿಸಿದವರಿಗೂ ಕಡಿಮೆಯಾಗದಿರಲಿ. ಇರುವಷ್ಟು ದಿನ ನಿಮ್ಮ ಬಾಳು ಸಿಹಿಯಾಗಿರಲಿ. ಹೊರಡುವ ದಿನ ಹೊರೆಯಿಲ್ಲದೆ ಹೊರಡುವಂತಾಗಲಿ. ಭಗವಂತನ ತಂಪಾದ ಕೈ ನಿಮ್ಮೆಲ್ಲರ ನೆತ್ತಿಯ ಮೇಲಿರಲಿ.